ತೊಳೆದ ಮೇಲೂ ಉಳಿಯುವ ನೇರಳೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಆಸ್ಪತ್ರೆಯ ನೆಲಮಾಳಿಗೆಯ ಪ್ರಯೋಗಾಲಯದಲ್ಲಿ ಆಗಲೇ ಒಂದು ದೀಪ ಉರಿಯುತ್ತಿದೆ. ಅದರಡಿ ಕೂತ ತಂತ್ರಜ್ಞೆ, ಇಲ್ಲಿ ಎಲ್ಲರ ಬಾಯಲ್ಲೂ ಬಣ್ಣದಕ್ಕ, ಚಿಮುಟದಲ್ಲಿ ಗಾಜಿನ ಸ್ಲೈಡ್ ಹಿಡಿದು ಲವಂಗದೆಣ್ಣೆಯ ಬಟ್ಟಲಿಗೆ ಅದ್ದುತ್ತಾರೆ, ಎತ್ತುತ್ತಾರೆ, ಬೆಳಕಿಗೆ ಹಿಡಿದು ಮತ್ತೆ ಅದ್ದುತ್ತಾರೆ. ಸ್ಲೈಡಿನ ಮೇಲಿರುವುದು ರಾತ್ರಿಯಿಡೀ ಬಣ್ಣದಲ್ಲಿ ನೆಂದ ಮೂತ್ರಪಿಂಡದ ಪದರ. ಅದು ಎಷ್ಟು ತೆಳುವೆಂದರೆ, ಈರುಳ್ಳಿ ಸಿಪ್ಪೆಯೂ ಅದರ ಮುಂದೆ ಕಂಬಳಿಯೇ ಸರಿ. "ಒಂದ್ನಿಮಿಷ ಮಾತಾಡಿಸ್ಬೇಡಿ," ಎನ್ನುತ್ತಾರೆ ತಲೆಯೆತ್ತದೆ. ಬಂದವರು ಬಾಯಿಗೆ ಬೀಗ ಹಾಕಿಕೊಂಡು ನಿಲ್ಲಬೇಕು, ಬೇರೆ ದಾರಿಯಿಲ್ಲ.

ಮೂತ್ರಪಿಂಡದ ಸಣ್ಣ ರಕ್ತನಾಳಗಳ ಅಂಚಿನಲ್ಲಿ ಕೆಲವು ಜೀವಕೋಶಗಳಿವೆ. ರಕ್ತದೊತ್ತಡ ಏರಿಸುವ ಸರಕನ್ನು ಅವು ಪುಟ್ಟ ಪುಟ್ಟ ಕಣಗಳಾಗಿ ಹೊಟ್ಟೆಯಲ್ಲಿ ತುಂಬಿಟ್ಟುಕೊಂಡಿರುತ್ತವೆ. ಆ ಕಣಗಳನ್ನು ನೇರಳೆಯಾಗಿ ತೋರಿಸುವುದೇ ಈ ಬಣ್ಣದ ಕೆಲಸ. ಆದರೆ ಬಣ್ಣಕ್ಕೆ ನಿಯತ್ತು ಸ್ವಲ್ಪ ಕಡಿಮೆ. "ಇದು ಸಿಕ್ಕಿದವರ ಮನೆಗೆಲ್ಲ ಹೋಗಿ ಕೂತ್ಕೊಳ್ಳುತ್ತೆ," ಎಂದು ನಗುತ್ತಾರೆ ಬಣ್ಣದಕ್ಕ. "ನಾಳದ ಗೋಡೆಗೂ ಅಂಟುತ್ತೆ, ಪಕ್ಕದ ಕಣಗಳಿಗೂ ಅಂಟುತ್ತೆ. ತೊಳೀತಾ ಹೋದ್ರೆ ಒಬ್ಬೊಬ್ಬರನ್ನೇ ಬಿಡುತ್ತೆ, ನಮಗೆ ಬೇಕಾದ ಕಣಗಳನ್ನ ಮಾತ್ರ ಎಲ್ಲರಿಗಿಂತ ಕೊನೇಲಿ ಬಿಡುತ್ತೆ. ಕಡಿಮೆ ತೊಳೆದ್ರೆ ಎಲ್ಲಾ ನೇರಳೆ, ಅತಿಯಾದ್ರೆ ಎಲ್ಲಾ ಖಾಲಿ. ಮಧ್ಯದಲ್ಲಿ ನಿಲ್ಲಿಸೋದೇ ಕಷ್ಟ ನೋಡಿ."

ಅಪ್ಪ ತೀರಿಕೊಂಡಾಗ ಓದು ಬಿಟ್ಟು, ಬಾಟಲಿ ತೊಳೆಯಲು ಇಲ್ಲಿಗೆ ಬಂದವರು. ಬಣ್ಣ ಹಾಕುವುದನ್ನು ಕಲಿತದ್ದು ಹಿರಿಯ ತಂತ್ರಜ್ಞರ ಬೆನ್ನ ಹಿಂದೆ ನಿಂತು. ಈಗ ದಿನಕ್ಕೆ ನಲವತ್ತೈವತ್ತು ಸ್ಲೈಡುಗಳು ಕೈದಾಟುತ್ತವೆ. ಉಗುರಿನ ನೇರಳೆ ಎಷ್ಟು ಉಜ್ಜಿದರೂ ಹೋಗದು, ಕೆಮ್ಮು ಬೆನ್ನು ಬಿಡದು. ಸ್ಲೈಡಿನ ಮೇಲೆ ಸಂಖ್ಯೆ ಇರುತ್ತದೆಯೇ ಹೊರತು ಯಾರದೆಂದು ಗೊತ್ತಾಗುವುದಿಲ್ಲ. ಗೊತ್ತಾದದ್ದು ಒಂದೇ ಸಲ.

ಅದು ಒಡಹುಟ್ಟಿದ ತಂಗಿಯದು. ಚಿಕ್ಕ ವಯಸ್ಸಿಗೇ ವಿಪರೀತ ರಕ್ತದೊತ್ತಡ, ಮೂತ್ರಪಿಂಡದಲ್ಲಿ ಗಡ್ಡೆ. ಶಸ್ತ್ರಚಿಕಿತ್ಸೆ ಮಾಡಿ ತೆಗೆದಿದ್ದರು. ಗಡ್ಡೆ ಆ ಕಣಗಳಿರುವ ಜೀವಕೋಶಗಳದ್ದಾದರೆ ಬಹುತೇಕ ಅಲ್ಲಿಗೆ ಮುಗಿಯಿತು, ಒತ್ತಡವೂ ಇಳಿಯುತ್ತದೆ. ಅಲ್ಲದಿದ್ದರೆ ಕ್ಯಾನ್ಸರ್ ಎಂಬ ಅನುಮಾನ. ಅಕ್ಕ ಬಣ್ಣ ಹಾಕಿದರು.

"ಸ್ಲೈಡ್ ತುಂಬಾ ನೇರಳೆ! ಅಬ್ಬಾ, ತಂಗಿ ಬದುಕಿಕೊಂಡ್ಲು ಅಂತ ಜೀವ ಬಂದಂಗಾಯ್ತು. ಆಮೇಲೆ ನೋಡ್ತೀನಿ, ನಾಳದ ಗೋಡೇನೂ ನೇರಳೆ! ತೊಳೆಯೋದನ್ನ ಬೇಗ ನಿಲ್ಲಿಸ್ಬಿಟ್ಟಿದ್ದೆ. ಬೇಕಂತ ಅಲ್ಲಪ್ಪಾ, ಕೈ ತಾನಾಗೇ ನಿಂತಿತ್ತು."

ಸ್ಲೈಡ್ ಹಿಡಿದು ನೇರ, ಸ್ಲೈಡುಗಳನ್ನು ನೋಡಿ ವರದಿ ಬರೆಯುವ ವೈದ್ಯೆಯ ಬಳಿ ಹೋದರು. "ಮೇಡಂ, ಇದನ್ನ ನಂಬಬೇಡಿ. ಇವಳು ನನ್ನ ತಂಗಿ." ವೈದ್ಯೆ ಗದರಲಿಲ್ಲ. "ಇನ್ನೊಂದು ಹಾಕಿ. ನೀವು ತೊಳೀರಿ, ಸಾಕು ಅಂತ ನಾನು ಹೇಳ್ತೀನಿ," ಎಂದರು. ಕಣಗಳಿರುವುದು ಖಚಿತವಾದ ಬೇರೊಬ್ಬರ ಸ್ಲೈಡನ್ನೂ ಜತೆಗೇ ಅದ್ದಿದರು. ಅದರಲ್ಲಿ ಗೋಡೆಯ ಬಣ್ಣ ಬಿಟ್ಟು ಕಣಗಳಷ್ಟೇ ಉಳಿದಾಗ ವೈದ್ಯೆ "ಸಾಕು" ಎಂದರು. ತಂಗಿಯ ಸ್ಲೈಡಿನಲ್ಲಿ ನೇರಳೆಯ ಒಂದು ಚುಕ್ಕೆಯೂ ಇಲ್ಲ, ಕಣಗಳಿಲ್ಲದ ಕಡೆ ಉಳಿಯುವ ಬರೀ ಕೆಂಪು. ಒಂದೇ ಬಣ್ಣದ ಮಾತು ಕೇಳಿ ತೀರ್ಮಾನಿಸಬಾರದೆಂದು ವೈದ್ಯೆ ಬೇರೆ ಪರೀಕ್ಷೆಗಳನ್ನೂ ಮಾಡಿಸಿದರು. ಅವೂ ಕ್ಯಾನ್ಸರ್ ಎಂದೇ ಹೇಳಿದವು.

ವಿಷಯ ತಿಳಿದು ತಂಗಿ ಅಕ್ಕನ ಮೇಲೆ ಹರಿಹಾಯ್ದಳು. "ಇದ್ದ ಬಣ್ಣಾನೂ ನೀನೇ ತೊಳೆದ್ಬಿಟ್ಯಲ್ಲೇ ಅಕ್ಕಾ!" ಎಷ್ಟೋ ದಿನ ಮಾತಿಲ್ಲ, ಕತೆಯಿಲ್ಲ. ಈಗ ಸಿಟ್ಟು ಇಳಿದಿದೆ. ಆ ಮೊದಲ ಸ್ಲೈಡನ್ನೇ ನಂಬಿದ್ದರೆ ತಂಗಿ ಎಲ್ಲ ಮುಗಿಯಿತೆಂದು ಮನೆಯಲ್ಲಿ ನೆಮ್ಮದಿಯಾಗಿ ಇದ್ದುಬಿಡುತ್ತಿದ್ದಳು. ಈಗ ಆರಾರು ತಿಂಗಳಿಗೆ ಸ್ಕ್ಯಾನ್‌ಗೆ ಬರುತ್ತಾಳೆ, ಇದುವರೆಗೆ ಏನೂ ಕಂಡಿಲ್ಲ. ಮುಂದಿನ ವಾರ ಮತ್ತೆ ಇದೆ. "ನೀನೂ ಬಾ, ಒಬ್ಬಳೇ ಹೋಗೋಕೆ ಭಯ," ಎಂದು ನಿನ್ನೆ ಫೋನ್ ಮಾಡಿದ್ದಾಳೆ.

ನಿಮಗೇನಾದರೂ ಆಸೆ ಇದೆಯೇ ಎಂದರೆ ಬಣ್ಣದಕ್ಕ ಚಿಮುಟ ಕೆಳಗಿಡುತ್ತಾರೆ.

"ಇನ್ನೇನಿರುತ್ತೆ? ಅವಳ ಸ್ಲೈಡು ಇನ್ನೊಂದ್ಸಲ ಈ ಮೇಜಿಗೆ ಬರದೇ ಇರ್ಲಿ." ಚಿಮುಟ ಮತ್ತೆ ಕೈಗೆತ್ತಿಕೊಂಡು ಹೇಳುತ್ತಾರೆ: "ಬಂದ್ರೆ, ಪೂರ್ತಿ ತೊಳೀತೀನಿ."