ನಡುಮನೆಯ ಇಬ್ಬರ ಹೆಜ್ಜೆ

ಮಗ್ಗದಿಂದ ಆಗತಾನೇ ಕತ್ತರಿಸಿ ತೆಗೆದ ರೇಷ್ಮೆ ಸೀರೆಗೆ ಒಂದು ವಾಸನೆಯಿದೆ, ಗಂಜಿ, ಎಣ್ಣೆ, ಬಣ್ಣ ಎಲ್ಲ ಕಲೆತದ್ದು. ಮೊನ್ನೆ ಯಲಹಂಕದಲ್ಲಿ ಮಗಳ ಬ್ಯಾಲೆ ಕ್ಲಾಸಿನ ಹೊರಗೆ ಕೂತಿದ್ದೆ. ಪರಿಚಯದವರ ಮಗ್ಗದಿಂದ ಕೊಂಡ ಸೀರೆ ಮಡಿಲಲ್ಲಿತ್ತು, ಅದರಿಂದ ಆ ವಾಸನೆ ಬರುತ್ತಿತ್ತು. ಒಳಗೆ ಮೇಡಂ ಮಕ್ಕಳಿಗೆ 'ಪಾ ದ ದ್ಯೂ' ಎಂದರೇನೆಂದು ಹೇಳುತ್ತಿದ್ದರು. ಫ್ರೆಂಚ್ ಮಾತಂತೆ. ಪಾ ಅಂದರೆ ಹೆಜ್ಜೆ, ದ್ಯೂ ಅಂದರೆ ಎರಡು. ಇಬ್ಬರು ಕೂಡಿ ಇಡುವ ಹೆಜ್ಜೆ. ಅಲ್ಲಿನ ಅರಮನೆಗಳಲ್ಲಿ ಬೆಳೆದ ಕುಣಿತ ರಂಗಕ್ಕೆ ಬಂದಾಗ ಈ ಹೆಸರೂ ಬಂತಂತೆ. ಇಬ್ಬರೂ ಜೊತೆಗೆ ಬರುತ್ತಾರೆ, ಆಮೇಲೆ ಒಬ್ಬೊಬ್ಬರೇ ಕುಣಿಯುತ್ತಾರೆ, ಕೊನೆಗೆ ಮತ್ತೆ ಕೂಡುತ್ತಾರೆ. ಅಯ್ಯೋ, ಇದನ್ನು ನಾನು ದಿನಾ ನೋಡಿಕೊಂಡೇ ಬೆಳೆದವಳಲ್ಲವೇ ಎನ್ನಿಸಿತು.

ದೊಡ್ಡಬಳ್ಳಾಪುರದ ನಮ್ಮ ಮನೆಯ ಹಿಂಭಾಗದಲ್ಲಿ ಮಗ್ಗಗಳು, ಮುಂದೆ ಸೀರೆಯಷ್ಟೇ ಉದ್ದದ ನಡುಮನೆ. ಸಂಜೆ ಅಮ್ಮ ಕಿಟಕಿಯ ಕಡೆ, ಅವಳ ವಾರಗಿತ್ತಿ ನನ್ನ ದೊಡ್ಡಮ್ಮ ಬಾಗಿಲ ಕಡೆ ನಿಂತು ಸೀರೆ ಹಿಡಿಯುವರು. ಒಮ್ಮೆ ಎಳೆದು, ಒದರಿ, ಅಂಚಿಗೆ ಅಂಚು ಕೂಡಿಸಿ, ಒಬ್ಬರತ್ತ ಒಬ್ಬರು ನಡೆದು ಬಂದು, ತುದಿಗಳನ್ನು ಕೈಗೆ ಕೊಟ್ಟು, ಬಗ್ಗಿ ಮಡಿಕೆ ಎತ್ತಿಕೊಂಡು ಹಿಂದೆ ಸರಿಯುವರು. ಮಗ್ಗದ ಸದ್ದೇ ತಾಳ. ಇದನ್ನು ಯಾರಾದರೂ ಡ್ಯಾನ್ಸ್ ಅಂದಿದ್ದರೆ ಇಬ್ಬರೂ ಬಿದ್ದು ಬಿದ್ದು ನಗುತ್ತಿದ್ದರು.

ಒಂದು ಮದುವೆಯಲ್ಲಿ ಏನೋ ಮಾತು ಬಂದು ಇಬ್ಬರಿಗೂ ಮನಸ್ಸು ಮುರಿಯಿತು. ಮಾತು ನಿಂತಿತು, ಒಲೆ ಬೇರೆಯಾಯಿತು. ಆದರೆ ಸೀರೆ ಕಾಯುತ್ತದೆಯೇ? ಮುಖ ಗಂಟಿಕ್ಕಿಕೊಂಡೇ ಹತ್ತಿರ ಬಂದು, ಬೆರಳಿಗೆ ಬೆರಳು ತಾಕಿಸಿ, ಹಿಂದೆ ಹೋಗುವರು. ಒಂದೇ ಒಂದು ಮಾತಾಡಲಿ ದೇವರೇ ಎಂದು ನಾನು ಹೊಸ್ತಿಲ ಮೇಲೆ ಕೂತು ಕಾಯುತ್ತಿದ್ದೆ. ಅಷ್ಟರಲ್ಲಿ ಅಪ್ಪ ಮತ್ತು ದೊಡ್ಡಪ್ಪ ನಡುಮನೆಗೆ ಅಡ್ಡ ಗೋಡೆ ಹಾಕುವುದೆಂದು ಸೀಮೆಸುಣ್ಣದಲ್ಲಿ ಗೆರೆ ಎಳೆದರು. ರಾತ್ರಿ ದೊಡ್ಡಮ್ಮನ ಪಕ್ಕದಲ್ಲೇ ಮಲಗುತ್ತಿದ್ದ ನನಗೆ ಜೀವವೇ ಹೋದಂತಾಯಿತು.

ಅಂದು ಸಂಜೆ ಸೀರೆ ಹಿಡಿದು ಬಂದ ದೊಡ್ಡಮ್ಮ ಆ ಗೆರೆಯ ಹತ್ತಿರ ನಿಂತುಬಿಟ್ಟಳು.

"ಸಾವಿತ್ರಿ, ಇಲ್ಲಿ ಗೋಡೆ ಎದ್ರೆ ಸೀರೆ ಎಲ್ಲಿ ಹಿಡಿಯೋದು?"

ಅಮ್ಮ ತನ್ನ ತುದಿಯನ್ನು ಅವಳ ಕೈಗೆ ಕೊಟ್ಟಳು. "ನಾನೂ ಅದೇ ನೋಡ್ತಿದ್ದೆ ಕಣಕ್ಕ."

ಗೋಡೆ ಏಳಲಿಲ್ಲ. ಗೆರೆ ಅವರ ಕಾಲಡಿಯಲ್ಲೇ ದಿನದಿನಕ್ಕೆ ಅಳಿಸಿಹೋಯಿತು.

ಈಗ ಆ ಮನೆಯೂ ಇಲ್ಲ, ಮಗ್ಗಗಳೂ ಇಲ್ಲ. ಅಲ್ಲೊಂದು ಕಾಂಪ್ಲೆಕ್ಸ್ ಎದ್ದಿದೆ. ಹೋದ ವರ್ಷ ಅಮ್ಮನೂ ಹೋದಳು. ದೊಡ್ಡಮ್ಮ ನಮ್ಮ ಬಾಡಿಗೆ ಮನೆಯಲ್ಲಿ ನನ್ನ ಜೊತೆಗಿದ್ದಾಳೆ. ಮೊನ್ನೆ ಮಗಳ ಕ್ಲಾಸಿನಿಂದ ಬಂದು ಸೀರೆಯನ್ನು ಅವಳ ಕೈಗಿಟ್ಟೆ. ಪೂರ್ತಿ ಬಿಚ್ಚಿ ನೋಡಿದಳು. ನಾನು ಕಾಫಿ ತರುವಷ್ಟರಲ್ಲಿ ಅದರ ಒಂದು ತುದಿಯನ್ನು ಬಾಗಿಲ ಚಿಲಕಕ್ಕೆ ಸಿಕ್ಕಿಸಿ ಒಬ್ಬಳೇ ಮಡಿಸಲು ಒದ್ದಾಡುತ್ತಿದ್ದಳು. ನನಗೆ ತಡೆಯಲಾಗಲಿಲ್ಲ. ಲೋಟ ಕೆಳಗಿಟ್ಟು, ತುದಿ ಬಿಡಿಸಿ ಕೈಯಲ್ಲಿ ಹಿಡಿದೆ.

"ಅಲ್ಲಲ್ಲ," ಅಂದಳು ದೊಡ್ಡಮ್ಮ. "ನೀನು ಕಿಟಕಿ ಕಡೆ ಬಾ. ನಿಮ್ಮಮ್ಮ ಅಲ್ಲೇ ನಿಲ್ಲೋಳು."

ಹೋಗಿ ನಿಂತೆ. ದೊಡ್ಡಮ್ಮ ಬಾಗಿಲ ಕಡೆಗೆ ಸರಿದು, ಅಲ್ಲಿಂದ ನನ್ನತ್ತ ಹೆಜ್ಜೆ ಇಟ್ಟಳು.