ಕಿನ್ನಾಳದ ದಂಡನಾಯಕ

ಮಾವನವರ ಬಲಗೈ ಹೆಬ್ಬೆರಳಿನ ಉಗುರು ಸದಾ ಬೆಳ್ಳಗಿರುತ್ತಿತ್ತು. ಯಲಬುರ್ಗಾದ ಶಾಲೆಯಲ್ಲಿ ಚರಿತ್ರೆ ಹೇಳುವ ಮಾಸ್ತರರು ಅವರು. ಸೀಮೆಸುಣ್ಣ ಉಗುರಿನ ಸಂದಿಯಲ್ಲೇ ಮನೆ ಮಾಡಿತ್ತು. ಊಟಕ್ಕೆ ಕೂತಾಗ ಅತ್ತೆ ಗೊಣಗುತ್ತಿದ್ದರು: "ರೊಟ್ಟಿಗೂ ಸುಣ್ಣ ಹಚ್ಕೊಂಡು ತಿನ್ರಿ, ಎಲಿ ಅಡಿಕಿ ಉಳೀತೈತಿ."

ಶಾಲೆಯ ಪಾಠವೆಲ್ಲ ಆಗಿನ ಸರ್ಕಾರಿ ಭಾಷೆಯಾದ ಉರ್ದುವಿನಲ್ಲಿ. ಮನೆಗೆ ಬಂದ ಮೇಲೆ ಅದೇ ಪಾಠ ಮತ್ತೆ ಕನ್ನಡದಲ್ಲಿ, ಸೊಸೆಯಾದ ನನಗೆ. ರೊಟ್ಟಿ ಬಡಿಯುತ್ತಲೇ ಒಪ್ಪಿಸಬೇಕು. ತಪ್ಪಿಲ್ಲದೆ ಹೇಳಿದರೆ, "ಪಾಠ ಛಲೋ ಒಪ್ಪಿಸಿದಿ ಬಿಡವಾ" ಎನ್ನುವರು. ಅದಕ್ಕಿಂತ ದೊಡ್ಡ ಇನಾಮು ಆ ಮನೆಯಲ್ಲಿರಲಿಲ್ಲ.

ಅವರಿಗೆ ಮೋಹವಿದ್ದದ್ದು ಜಪಾನಿನ ದಕ್ಷಿಣ ತುದಿಯ ಸತ್ಸುಮಾ ಎಂಬ ಸೀಮೆಯ ಮೇಲೆ. ಅಷ್ಟು ಸಣ್ಣ ನಾಡಿನಲ್ಲಿ ಎಂಥೆಂಥವರು ಹುಟ್ಟಿದರು ಎಂದು ಶುರು ಮಾಡಿದರೆ ಸಾರು ಆರಿಹೋಗುತ್ತಿತ್ತು. ಕಾರ್ಖಾನೆ ಕಟ್ಟಿಸಿದ ದೊರೆ, ತಾನೇ ಕಟ್ಟಿ ನಿಲ್ಲಿಸಿದ ಸರ್ಕಾರದ ಮೇಲೆ ಕತ್ತಿ ಹಿರಿದು ಸತ್ತ ವೀರ, ಎಲ್ಲರಿಗಿಂತ ಮೇಲೆ ರಷ್ಯದ ಹಡಗುಗಳನ್ನು ಮುಳುಗಿಸಿದ ದಂಡನಾಯಕ. ಗೆದ್ದ ಮೇಲೆ ಆತ ಮಾಡಿದ್ದನ್ನು ಹೇಳುವಾಗ ಮಾವನವರ ದನಿ ಇಳಿಯುತ್ತಿತ್ತು: ಗಾಯಗೊಂಡು ಸೆರೆಸಿಕ್ಕ ಶತ್ರುವನ್ನು ನೋಡಲು ತಾನೇ ಆಸ್ಪತ್ರೆಗೆ ಹೋಗಿ, ಕೈ ಹಿಡಿದು ಮಾತಾಡಿಸಿದನಂತೆ.

ಆ ದಂಡನಾಯಕನ ಗೊಂಬೆಯನ್ನು ಅವರು ಬಣ್ಣದ ಮರದ ಗೊಂಬೆಗಳಿಗೆ ಹೆಸರಾದ ಕಿನ್ನಾಳದಲ್ಲಿ ಮಾಡಿಸಿದ್ದರು. ಚಿತ್ರಗಾರ ಕೋಟು, ಗಡ್ಡ, ಪದಕ ಎಲ್ಲ ಪಟ ನೋಡಿಯೇ ತಿದ್ದಿ, ಕೊನೆಗೆ ಹಣೆಗೊಂದು ಕೆಂಪು ಬೊಟ್ಟು ಇಟ್ಟುಬಿಟ್ಟ. "ಅವ್ರು ಕುಂಕುಮ ಹಚ್ಚಂಗಿಲ್ಲೋ ಮಾರಾಯ" ಎಂದರೆ, "ದೊಡ್ಡವ್ರ ಹಣಿ ಬರಿದು ಬಿಡಬಾರದ್ರಿ ಮಾಸ್ತರ" ಎಂದನಂತೆ. ಮಾವನವರು ನಕ್ಕು, ಹಾಗೇ ತಂದು ಪಡಸಾಲೆಯ ಗೂಡಿನಲ್ಲಿಟ್ಟರು.

ಆ ಕಥೆ ಕೇಳುತ್ತ ಬೆಳೆದ ಮಗ, ಅಂದರೆ ನಮ್ಮವರು, ದಂಡಿಗೆ ಸೇರಿದರು. ಯುದ್ಧ ಬಂತು. ಮಲಯಾಕ್ಕೆ ಹೋದರು, ಜಪಾನಿನವರಿಗೆ ಸೆರೆಸಿಕ್ಕರು. ಸುದ್ದಿ ಬಂದ ದಿನ ಅತ್ತೆ ಎದೆ ಬಡಿದುಕೊಂಡು ಅಳುತ್ತಿದ್ದರೆ ಮಾವನವರೊಬ್ಬರೇ ನೆಟ್ಟಗೆ ಕೂತಿದ್ದರು. "ಅಳಬ್ಯಾಡ್ರಿ. ಸೋತವ್ರ ಕೈ ಹಿಡಿಯೋ ಮಂದಿ ಅದು" ಎಂದರು. ನಾನೂ ನಂಬಿದೆ. ನಂಬಲಿಕ್ಕೆ ಬೇರೆ ಏನಿತ್ತು?

ಯುದ್ಧ ಮುಗಿದ ಮೇಲೆ ಅವರ ಜೊತೆಗೇ ಸೆರೆಯಲ್ಲಿದ್ದ ಕುಷ್ಟಗಿಯ ಸಿಪಾಯಿಯೊಬ್ಬ ಬಂದ. ಎಲುಬಿನ ಹಂದರ. ನಮ್ಮವರು ಕಾಡಿನಲ್ಲಿ ದಿಮ್ಮಿ ಹೊರುತ್ತ, ಅನ್ನವಿಲ್ಲದೆ, ಜ್ವರದಲ್ಲಿ ಹೋದರೆಂದು ಹೇಳಿದ. ಮಾವನವರು ಒಂದೇ ಪ್ರಶ್ನೆ ಕೇಳಿದರು.

"ಆಸ್ಪತ್ರಿಗೆ ಯಾರರ ಬಂದಿದ್ರೇನಪಾ?"

"ಆಸ್ಪತ್ರಿನ ಇರ್ಲಿಲ್ರಿ ಮಾಸ್ತರ."

ನನ್ನ ಹಣೆಯ ಕುಂಕುಮ ಅಳಿಸಿದ ದಿನ, ಬಂದ ಹೆಂಗಸರೆಲ್ಲ ಹೋದ ಮೇಲೆ, ಮಾವನವರು ಗೊಂಬೆಯನ್ನು ಕೆಳಗಿಳಿಸಿ ಅದರ ಬೊಟ್ಟನ್ನು ಹೆಬ್ಬೆರಳಿನ ಉಗುರಿನಿಂದ ಕೆರೆಯತೊಡಗಿದರು. ಕಿನ್ನಾಳದ ಬಣ್ಣ ಸುಲಭಕ್ಕೆ ಬಿಡುವುದಿಲ್ಲ. ಉಗುರು ಸೀಳಿ ರಕ್ತ ಬಂದು, ಕೆರೆದಷ್ಟೂ ಹಣೆ ಕೆಂಪಾಗುತ್ತಿತ್ತು. "ನಿಂದು ಹೋದಮ್ಯಾಲ ಇವಗ್ಯಾಕವಾ" ಎಂದು ಬಿಕ್ಕಿದರು. ನಾನೇ ಕೈ ಹಿಡಿದು ಬಿಡಿಸಿದೆ.

ಆಮೇಲೆ ಮನೆಯಲ್ಲಿ ಪಾಠ ನಡೆಯಲಿಲ್ಲ. ಸೀಮೆಸುಣ್ಣ ಮುಟ್ಟುವುದನ್ನೇ ಬಿಟ್ಟರು, ಅನ್ನವನ್ನೂ ಹೆಚ್ಚುಕಡಿಮೆ ಬಿಟ್ಟರು. ಹಾಸಿಗೆ ಹಿಡಿದವರಿಗೆ ನಾನು ಗಂಜಿ ಕುಡಿಸುತ್ತಿದ್ದೆ. ಕೊನೆಯ ದಿನ ಗುಟುಕು ನುಂಗದೆ ಕೇಳಿದರು: "ಆಸ್ಪತ್ರಿನರ ಇರಬೇಕಿತ್ತಲ್ಲವಾ?"

"ಇತ್ತಂತರಿ ಮಾವಾರ" ಎಂದೆ. "ಆ ಸಿಪಾಯಿಗೆ ಗೊತ್ತಿದ್ದಿಲ್ಲ. ಯಾರೋ ದೊಡ್ಡವ್ರು ಬಂದು, ಕೈ ಹಿಡಿದು ಮಾತಾಡ್ಸಿದ್ರಂತ."

ಅವರು ಬಹಳ ಹೊತ್ತು ನನ್ನ ಮುಖ ನೋಡಿದರು.

"ಪಾಠ ಛಲೋ ಒಪ್ಪಿಸಿದಿ ಬಿಡವಾ" ಎಂದು ಗೋಡೆಯ ಕಡೆ ತಿರುಗಿದರು. ಮತ್ತೆ ಈ ಕಡೆ ತಿರುಗಲಿಲ್ಲ.