ಒಣ ಟ್ಯಾಂಕಿನಲ್ಲಿ ಏರಿದ ನೀರು

ಕಣ್ಣಿಗೆ ಕಾಣದ್ದನ್ನು, ಮೀಟರಿನಲ್ಲಿ ತೋರದ್ದನ್ನು ನಾನು ನಂಬುತ್ತಿರಲಿಲ್ಲ. ಹೊನ್ನಾಳಿಯಲ್ಲಿ ಪಂಪು, ಪ್ಯಾನಲ್ ಬೋರ್ಡ್ ರಿಪೇರಿ ಮಾಡುವವನು ನಾನು. ಯಾರಾದರೂ ದೆವ್ವದ ಮಾತೆತ್ತಿದರೆ ಎದ್ದು ಹೋಗಿಬಿಡುತ್ತಿದ್ದೆ. ಈಗ ಎದ್ದು ಹೋಗುವುದಿಲ್ಲ. ಹಾಗಂತ ಏನನ್ನು ನಂಬಬೇಕೆಂದೂ ಗೊತ್ತಾಗಿಲ್ಲ. ನಡೆದದ್ದನ್ನು ನಡೆದಂತೆ ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ ಕೆರೆಬಿಳಚಿ ಪಕ್ಕದ ದೊಡ್ಡ ಕೆರೆಗೆ ಅಂತರಗಂಗೆ ಕಳೆ ತೆಗೆಯಲೆಂದು ಒಂದು ಕಬ್ಬಿಣದ ದೋಣಿ ತಂದಿದ್ದರು. ದೋಣಿ ವಾಲದಿರಲೆಂದು ಅದರ ಹೊಟ್ಟೆಯೊಳಗೆ ನೀರು ತುಂಬುವ ಟ್ಯಾಂಕ್ ಇತ್ತು. ಅದರಲ್ಲಿ ಎಷ್ಟು ನೀರಿದೆ ಎಂಬುದು ಓಡಿಸುವವರಿಗೆ ಕೂತಲ್ಲೇ ತಿಳಿಯಬೇಕಿತ್ತು. ಅದಕ್ಕಾಗಿ ಟ್ಯಾಂಕಿನ ತಳದಲ್ಲಿ, ನೀರಿನಲ್ಲೇ ಮುಳುಗಿರುವಂಥ ಸೆನ್ಸರ್ ಕೂರಿಸಲು ನನ್ನನ್ನು ಕರೆಸಿದರು.

ದೋಣಿ ಓಡಿಸುತ್ತಿದ್ದವರು ರಹಮತ್ ಚಾಚಾ. ಹಿಂದಿನ ದಿನವೇ ಟ್ಯಾಂಕ್ ಖಾಲಿ ಮಾಡಿ ಒಣಗಲು ಬಿಟ್ಟಿದ್ದರು. ನಾನು ಕ್ಯಾಬಿನ್ನಿನಲ್ಲಿ ಡಿಸ್‌ಪ್ಲೇ ಕೂರಿಸಿ, ಅದಕ್ಕೆ ಸೆನ್ಸರಿನ ವೈರು ಜೋಡಿಸಿದೆ. ಸೊನ್ನೆ ತೋರಿಸಿತು. ಸೆನ್ಸರ್ ಹಿಡಿದು ಟ್ಯಾಂಕಿಗೆ ಇಳಿದೆ. ಒಳಗೆ ಬಗ್ಗಿಯೇ ನಿಲ್ಲಬೇಕು. ಸೆನ್ಸರನ್ನು ತಳಕ್ಕೆ ಬಿಗಿದ ಮೇಲೆ, ವೈರಿನ ತೂತು ಮುಚ್ಚುವ ಗೋಂದು ದಡದಲ್ಲಿ ನನ್ನ ಬೈಕಿನಲ್ಲೇ ಉಳಿದದ್ದು ನೆನಪಾಯಿತು.

"ನೀನು ಹತ್ತಿ ಇಳಿಯಾಕೆ ಹೋಗಬೇಡಪ್ಪ. ತೆಪ್ಪದಾಗೆ ಹೋಗಿ ನಾನೇ ತರ್ತೀನಿ," ಎಂದರು ಚಾಚಾ.

ಅವರು ಹೋದ ಸ್ವಲ್ಪ ಹೊತ್ತಿಗೆ ಗಾಳಿ ಎದ್ದು ದೋಣಿ ಹೊಯ್ದಾಡಿತು. ತಲೆಯ ಮೇಲಿನ ಮುಚ್ಚಳ ದಡ್ ಎಂದು ಬಿತ್ತು. ಹೊರಗಿನ ಚಿಲಕ ಕಚ್ಚಿಕೊಂಡಿರಬೇಕು. ಬೆನ್ನು ಕೊಟ್ಟು ತಳ್ಳಿದರೂ ಅಲುಗಲಿಲ್ಲ. ಹೊರಗೆ ಮಟಮಟ ಮಧ್ಯಾಹ್ನ, ಒಳಗೆ ಕಗ್ಗತ್ತಲೆ. ಮೊಬೈಲ್ ಕ್ಯಾಬಿನ್ನಿನಲ್ಲಿತ್ತು. ಸ್ಪ್ಯಾನರಿನಿಂದ ಬಡಿದೆ, ಕೂಗಿದೆ. ಕಾದ ಕಬ್ಬಿಣದ ನಡುವೆ ಉಸಿರು ಭಾರವಾಗತೊಡಗಿತು.

ಆಗ ಪಾದಕ್ಕೆ ತಣ್ಣಗೆ ನೀರು ತಾಗಿತು.

ಸೋರುತ್ತಿದೆ ಅಂದುಕೊಂಡೆ. ನೀರು ಸದ್ದೇ ಇಲ್ಲದೆ ಏರುತ್ತಿತ್ತು. ಮೊಣಕಾಲು ದಾಟಿ ಸೊಂಟಕ್ಕೆ ಬಂತು. ಕೈಯಾಡಿಸಿದರೆ ಬೆರಳುಗಳ ನಡುವೆ ಹರಿಯುತ್ತಿತ್ತು. ಎದೆಮಟ್ಟ ಬಂದಾಗ ಮೂಲೆಯ ಗಾಳಿ ಕೊಳವೆಗೆ ಬಾಯಿಟ್ಟು ನಿಂತೆ. ಮನೆಯಲ್ಲಿ ಹೆಂಡತಿ ಬಸುರಿ. ಅವಳಿಗೆ ಈ ಸುದ್ದಿ ಯಾರು ಹೇಗೆ ಹೇಳುತ್ತಾರೋ ಎಂದು ಯೋಚಿಸಿದ್ದು ನೆನಪಿದೆ. ನೀರು ಗದ್ದಕ್ಕೆ ತಾಗಿತು.

ಅಷ್ಟರಲ್ಲಿ ಮುಚ್ಚಳ ತೆರೆಯಿತು. ಚಾಚಾ ನನ್ನನ್ನು ರಟ್ಟೆ ಹಿಡಿದು ಮೇಲಕ್ಕೆಳೆದರು. ಬಿಸಿಲಲ್ಲಿ ಬಿದ್ದುಕೊಂಡು ಮೈ ನೋಡಿಕೊಂಡೆ. ಅಂಗಿ ಬೆವರಿಗೆ ಅಂಟಿಕೊಂಡಿತ್ತು. ಪ್ಯಾಂಟಿನಲ್ಲಿ, ಪಾದದಲ್ಲಿ ಒಂದು ಹನಿ ನೀರಿಲ್ಲ.

ಉಸಿರು ಕಟ್ಟಿದಾಗ ತಲೆ ಏನೇನೋ ಕಲ್ಪಿಸಿಕೊಳ್ಳುತ್ತದೆ ಎಂದು ಸಮಾಧಾನ ಹೇಳಿಕೊಂಡು ಸುಮ್ಮನಾಗುತ್ತಿದ್ದೆನೇನೋ. ಆದರೆ ನಾನು ಬಾಯಿ ಬಿಡುವ ಮೊದಲೇ ಚಾಚಾ ಟ್ಯಾಂಕಿನೊಳಗೆ ಬಗ್ಗಿ ನೋಡಿ, "ನೀರೆಲ್ಲಿ ಹೋತು?" ಎಂದರು.

"ಯಾವ ನೀರು ಚಾಚಾ?"

"ಕ್ಯಾಬಿನ್ನಿಗೆ ಬಂದು ನೋಡಿದ್ರೆ ನಂಬರ್ ಏರ್ತಾ ಐತೆ. ಮುಚ್ಚಳ ಬೇರೆ ಬಿದ್ದೈತೆ. ವಾಲ್ವ್ ಬಿಟ್ಕೊಂಡು ನೀನು ಒಳಗೆ ಮುಳುಗ್ತಾ ಇದೀಯ ಅಂತ ಓಡಿ ಬಂದೆ."

ಇಬ್ಬರೂ ಕ್ಯಾಬಿನ್ನಿಗೆ ಹೋದೆವು. ಡಿಸ್‌ಪ್ಲೇ ಇನ್ನೂ ತುಂಬಿದ ಟ್ಯಾಂಕನ್ನೇ ತೋರಿಸುತ್ತಿತ್ತು. ನಾವು ನೋಡುತ್ತಿದ್ದಂತೆ ಅಂಕಿ ನಿಧಾನವಾಗಿ ಇಳಿಯುತ್ತ ಹೋಗಿ ಸೊನ್ನೆಯಲ್ಲಿ ನಿಂತಿತು.

ಮರುದಿನ ಸೆನ್ಸರನ್ನು ಬಿಚ್ಚಿ ನೀರಿನ ಡ್ರಮ್ಮಿನಲ್ಲಿ ಮುಳುಗಿಸಿ ಪರೀಕ್ಷಿಸಿದೆ. ಯಾವ ದೋಷವೂ ಸಿಗಲಿಲ್ಲ. ಆಮೇಲೂ ಅದು ತಪ್ಪು ತೋರಿಸಿದ್ದನ್ನು ಕೇಳಿಲ್ಲ. ಭಯಕ್ಕೆ ನನ್ನ ಬುದ್ಧಿ ಕೆಟ್ಟಿರಬಹುದು, ಯಂತ್ರವೂ ಆಗಷ್ಟೇ ಕೆಟ್ಟಿರಬಹುದು. ಆದರೆ ನನಗೂ ಯಂತ್ರಕ್ಕೂ ಒಂದೇ ನೀರು ಹೇಗೆ ತಾಗಿತು? ಚಾಚಾ ಬರುವುದು ಇನ್ನಷ್ಟು ತಡವಾಗಿದ್ದರೆ ಆ ಒಣ ಟ್ಯಾಂಕಿನಲ್ಲಿ ಮುಳುಗಿಯೇ ಸಾಯುತ್ತಿದ್ದೆನೇ ಎಂದು ಇವತ್ತಿಗೂ ಯಾರನ್ನೂ ಕೇಳಿಲ್ಲ.